ರ‍್ಯಾಮ್ ಏರ್ ಇರುವ ಎಂಜಿನ್‌ಗೆ ಮುಚ್ಚಿದ ನಾಝಲ್ ಸೆಟ್: ಹಾಕಿ ನೋಡಿದೆ

ಇದನ್ನು ಹಾಕಿದರೆ ಪವರ್ ಜಾಸ್ತಿ ಆಗುತ್ತದೆ ಅಂದುಕೊಂಡು ಕೊಳ್ಳಬೇಡಿ, ಆಗುವುದಿಲ್ಲ. ಆದರೆ ನಿಮ್ಮ ವಿಮಾನದಲ್ಲಿ ರ‍್ಯಾಮ್ ಏರ್ (ಹಾರುವ ವೇಗದಿಂದಲೇ ಗಾಳಿಯನ್ನು ಎಂಜಿನ್ ಒಳಗೆ ನುಗ್ಗಿಸುವ ವ್ಯವಸ್ಥೆ) ಇದ್ದು, ಇಂಧನ ಚಿಮ್ಮಿಸುವ ಇಂಜೆಕ್ಟರ್ ನಾಝಲ್‌ನ ಸುತ್ತ ನೀಲಿ ಕಲೆ ಕಾಣಿಸುತ್ತಿದ್ದರೆ ಮುಂದೆ ಓದಿ.

ನನ್ನದು ನಾನೇ ಕಟ್ಟಿಕೊಂಡ ವಿಮಾನ. ಲೈಕಮಿಂಗ್ ಐಒ-360 ಎಂಜಿನ್, ಬೆಂಡಿಕ್ಸ್ ಆರ್‌ಎಸ್‌ಎ ಸರ್ವೋ (ಗಾಳಿಗೆ ತಕ್ಕಷ್ಟು ಇಂಧನ ಕೊಡುವ ಭಾಗ). ನಾಝಲ್‌ಗಳು ಸಿಲಿಂಡರ್‌ಗಳ ಕೆಳಗಡೆ ಇವೆ. ಮಾಮೂಲಿ ನಾಝಲ್‌ಗೆ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ತಗಡಿನ ಕವಚ. ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳು) ಎಳೆತಕ್ಕೆ ಆ ತೂತಿನಿಂದ ಗಾಳಿ ಒಳಗೆ ಬಂದು ಇಂಧನದ ಜೊತೆ ಬೆರೆಯುತ್ತದೆ. ಐಡಲ್‌ನಲ್ಲಿ (ಎಂಜಿನ್ ನಿಧಾನವಾಗಿ ಓಡುವಾಗ) ಆ ಎಳೆತ ನೇರವಾಗಿ ಇಂಧನ ಅಳೆದು ಬಿಡುವ ಸಣ್ಣ ರಂಧ್ರವಾದ ಜೆಟ್‌ನ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದೂ ಇದೇ ತೂತು. ಜಾಲರಿ ಕಟ್ಟಿಕೊಂಡರೆ ಆ ಒಂದು ಸಿಲಿಂಡರ್ ಮಾತ್ರ ರಿಚ್ (ಇಂಧನ ಜಾಸ್ತಿ) ಆಗಿ ಎಂಜಿನ್ ಗಡಗಡ ಅನ್ನುವುದು ಅದಕ್ಕೇ.

ಥ್ರಾಟಲ್ ಪೂರ್ತಿ ತೆರೆದು, ಕಡಿಮೆ ಎತ್ತರದಲ್ಲಿ ಜೋರಾಗಿ ಹೋಗುವಾಗ ಕಥೆ ಬದಲಾಗುತ್ತದೆ. ಸಮುದ್ರ ಮಟ್ಟದಲ್ಲಿ 170 ನಾಟ್ ವೇಗಕ್ಕೆ, ಮುಂದಿನಿಂದ ನುಗ್ಗುವ ಗಾಳಿಯ ಒತ್ತಡ ಲೆಕ್ಕದಲ್ಲಿ ಸುಮಾರು 1.4 ಇಂಚು ಪಾದರಸ. ಫಿಲ್ಟರ್, ಪೈಪಿನ ಬಾಗು ಎಲ್ಲ ಕಳೆದರೆ ಉಳಿಯುವುದು ಅದಕ್ಕಿಂತ ಕಡಿಮೆ. ಆದರೂ ಮ್ಯಾನಿಫೋಲ್ಡ್ ಪ್ರೆಶರ್ ಕೌಲಿಂಗ್‌ನ (ಎಂಜಿನ್‌ನ ಹೊರ ಮುಚ್ಚಳ) ಕೆಳಭಾಗದ ಪ್ರೆಶರ್ ಅನ್ನು ದಾಟಲು ಅಷ್ಟು ಸಾಕು. ಆಗ ಗಾಳಿ ಒಳಗೆ ಬರಬೇಕಾದ ತೂತಿನಿಂದ ಇಂಧನ ಹೊರಗೆ ಜಿನುಗುತ್ತದೆ. ನಾಝಲ್ ಮೇಲ್ಗಡೆ ಇರುವವರು ಸಾಮಾನ್ಯವಾಗಿ ಪಾರು. ಅಲ್ಲಿ ಎಂಜಿನ್ ತಂಪು ಮಾಡುವ ಗಾಳಿಗೂ ಒಳ್ಳೇ ಒತ್ತಡ ಇರುತ್ತದೆ.

ನನ್ನ 3ನೇ ಸಿಲಿಂಡರ್‌ನಲ್ಲಿ ಹೀಗೇ ಆಗುತ್ತಿತ್ತು. 100 ಎಲ್‌ಎಲ್‌ಗೆ (ವಿಮಾನದ ಪೆಟ್ರೋಲ್) ಹಾಕಿದ ನೀಲಿ ಬಣ್ಣ, ಪೆಟ್ರೋಲ್ ಆವಿಯಾದ ಮೇಲೂ ಜಾಲರಿಯ ಅಂಚಿನಲ್ಲಿ ಬಳೆಯ ಹಾಗೆ ಉಳಿದಿರುತ್ತಿತ್ತು. ವೇಗ ಏರಿದಂತೆ ಆ ಸಿಲಿಂಡರ್‌ನ ಇಜಿಟಿ (ಎಕ್ಸಾಸ್ಟ್ ಹೊಗೆಯ ತಾಪಮಾನ) ಮಾತ್ರ ಮೇಲೇರುವುದು, ಥ್ರಾಟಲ್ ಸ್ವಲ್ಪ ಎಳೆದರೆ ಮತ್ತೆ ಸಾಲಿಗೆ ಬರುವುದು. ಎಕ್ಸಾಸ್ಟ್ ಪೈಪ್ ಪಕ್ಕದಲ್ಲೇ ಇರುವಾಗ ಇದನ್ನು ಸುಮ್ನೆ ಬಿಡೋಕಾಗಲ್ಲ, ಅಲ್ವಾ?

ಈ ಸೆಟ್‌ನಲ್ಲಿ ತೂತು ಕೌಲಿಂಗ್‌ಗೆ ತೆರೆದಿಲ್ಲ. ಕವಚ ಪೂರ್ತಿ ಮುಚ್ಚಿದ್ದು, ಅದರಿಂದ ಒಂದು ಮೊಳೆಯಷ್ಟು ಸಣ್ಣ ಪೈಪು ಹೊರಬರುತ್ತದೆ. ನಾಲ್ಕನ್ನೂ ಸೇರಿಸಿ, ಎಂಜಿನ್‌ಗೆ ಗಾಳಿ ಹೋಗುವ ಏರ್ ಬಾಕ್ಸ್‌ಗೆ ಜೋಡಿಸಬೇಕು. ಟರ್ಬೊ ಎಂಜಿನ್‌ಗಳಲ್ಲಿ ಬಹಳ ಕಾಲದಿಂದ ಇರುವ ಉಪಾಯವೇ ಇದು. ಎಂಜಿನ್ ಕುಡಿಯುವ ಗಾಳಿಯೇ ತೂತಿಗೂ ಸಿಗುವುದರಿಂದ ಮ್ಯಾನಿಫೋಲ್ಡ್ ಎಂದೂ ಅದನ್ನು ಮೀರಲಾರದು.

ಕೆಲಸಗಾರಿಕೆ ಚೆನ್ನಾಗಿದೆ. ಸ್ಕ್ರೂ ಥ್ರೆಡ್‌ಗಳು ನಯವಾಗಿವೆ, ಜೆಟ್ ಬಿಚ್ಚಿ ಬೇರೆ ಅಳತೆಯದ್ದು ಹಾಕಬಹುದು. ಈಗ ನೀಲಿ ಬಳೆ ಇಲ್ಲ. ಪೂರ್ತಿ ಥ್ರಾಟಲ್‌ನಲ್ಲೂ 3ನೇ ಸಿಲಿಂಡರ್ ಉಳಿದವುಗಳ ಜೊತೆಗೇ ಇದೆ. ಕ್ರೂಸ್‌ನಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಸಿಲಿಂಡರ್‌ಗಳ ನಡುವೆ ಇಂಧನ ಸಮ ಮಾಡುವುದು ಬೇರೆಯೇ ಕೆಲಸ. ಗ್ಯಾಮಿಜೆಕ್ಟರ್ ಎಂಬ ನಾಝಲ್‌ಗಳು ಇರುವುದು ಅದಕ್ಕೆ.

ಬೇಜಾರಾಗಿದ್ದು ಸೂಚನೆಯ ಹಾಳೆ ನೋಡಿ. "ಏರ್ ಬಾಕ್ಸ್‌ಗೆ ಜೋಡಿಸಿ" ಅಂತ ಒಂದೇ ಸಾಲು. ಎಲ್ಲಿ ಅನ್ನುವುದೇ ಮುಖ್ಯ ವಿಷಯ! ಫಿಲ್ಟರ್ ಆದ ಮೇಲೆ, ಥ್ರಾಟಲ್‌ಗೆ ಮೊದಲು ಜೋಡಿಸಬೇಕು. ಫಿಲ್ಟರ್‌ಗೆ ಮುಂಚೆ ಗಾಳಿ ತೆಗೆದುಕೊಂಡರೆ ಧೂಳು ನೇರ ತೂತಿಗೆ. ಥ್ರಾಟಲ್ ಆದ ಮೇಲೆ ತೆಗೆದುಕೊಂಡರೆ ಅದು ಮ್ಯಾನಿಫೋಲ್ಡ್ ಪ್ರೆಶರ್, ಐಡಲ್ ಕೆಡುತ್ತದೆ. ಹಳೇ ಮೂನಿ ವಿಮಾನಗಳ ಹಾಗೆ ಫಿಲ್ಟರ್ ತಪ್ಪಿಸಿ ರ‍್ಯಾಮ್ ಏರ್ ಕೊಡುವ ಬಾಗಿಲು ನಿಮ್ಮಲ್ಲೂ ಇದ್ದರೆ, ನೆಲದ ಮೇಲೆ ಅದನ್ನು ತೆರೆಯಲೇಬೇಡಿ. ಆ ಕಸ ಈಗ ನಾಝಲ್‌ಗೂ ಹೋಗುತ್ತದೆ. ಇನ್ನೊಂದು ಕಿರಿಕಿರಿ: ನಾಝಲ್ ತೊಳೆಯಲು ಪ್ರತಿ ಸಲ ಗಾಳಿ ಪೈಪುಗಳನ್ನೆಲ್ಲ ಬಿಚ್ಚಬೇಕು.

ಸರ್ಟಿಫೈಡ್ ವಿಮಾನದವರು ಅನುಮೋದನೆ ಇರುವ ಭಾಗವನ್ನೇ ಹಾಕಬೇಕು. ಕಾಂಟಿನೆಂಟಲ್ ಐಒ-520 ಥರದ ಎಂಜಿನ್ ಇರುವವರಿಗೆ ಒಂದು ಮಾತು. ನನ್ನ ಸರ್ವೋದ ಬಾಯಲ್ಲಿರುವ ಸಣ್ಣ ಕೊಳವೆಗಳು ಬರುವ ಗಾಳಿಯನ್ನು ಅಳೆಯುತ್ತವೆ. ಹಾಗಾಗಿ ರ‍್ಯಾಮ್ ಏರ್ ಹೆಚ್ಚಿದರೆ ಇಂಧನವೂ ಹೆಚ್ಚುತ್ತದೆ. ಕಾಂಟಿನೆಂಟಲ್‌ನಲ್ಲಿ ಇಂಧನ ನಿರ್ಧಾರವಾಗುವುದು ಪಂಪಿನ ಆರ್‌ಪಿಎಂ, ಥ್ರಾಟಲ್ ಮತ್ತು ಮಿಕ್ಸ್‌ಚರ್‌ನಿಂದ. ಗಾಳಿ ಜಾಸ್ತಿ ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಮಿಶ್ರಣ ಲೀನ್ (ಇಂಧನ ಕಡಿಮೆ) ಆಗುತ್ತದೆ. ಅದನ್ನು ಈ ಸೆಟ್ ಸರಿ ಮಾಡುವುದಿಲ್ಲ. ಮೊದಲು ಫ್ಯೂಯಲ್ ಫ್ಲೋ ಸೆಟಪ್ ಪರೀಕ್ಷಿಸಿ.