ಆರು ಚಳಿಗಾಲ ಕಳೆದ ನಮ್ಮ ಸೋಲಾರ್: ಬಿಸಿಲಿಗೆ ಬರವಿಲ್ಲ, ನೀರೇ ತಲೆನೋವು

ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಗೃಹಪ್ರವೇಶ ಆಗಿದ್ದು 2019ರ ಮೇ ತಿಂಗಳಲ್ಲಿ. ಅದಕ್ಕೆ ಹದಿನೈದು ದಿನ ಮುಂಚೆ ತಾರಸಿ ಮೇಲೆ ನೀರು ಕಾಯಿಸುವ ಸೋಲಾರ್ ಕೂತಿತು. 200 ಲೀಟರಿನದು, ಇಪ್ಪತ್ತು ಗಾಜಿನ ಟ್ಯೂಬ್, ಫಿಟ್ಟಿಂಗ್ ಸೇರಿ 31 ಸಾವಿರ. ಮನೆಯಲ್ಲಿ ಐದು ಜನ: ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಈಗ ಚಿಂತಾಮಣಿಯಲ್ಲಿ ಮನೆ ಕಟ್ಟುತ್ತಿರುವ ನನ್ನ ತಮ್ಮ "ಅಕ್ಕಾ, ಯಾವ್ದು ಹಾಕ್ಸ್ಲಿ?" ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಯೋದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಮನೆ ಬೆಚ್ಚಗಿಡುವ ಯಂತ್ರ ಯಾರಿಗೂ ಬೇಕಿಲ್ಲ. ನಂದಿ ಬೆಟ್ಟದ ಕಡೆಯಿಂದ ಬೀಸುವ ಡಿಸೆಂಬರ್ ಗಾಳಿಗೆ ಒಂದು ಸ್ವೆಟರ್, ಒಂದು ರಗ್ಗು ಸಾಕು. ಬೇಕಾಗಿದ್ದು ಬೆಳಗ್ಗೆ ಆರು ಗಂಟೆಗೆ ಬಿಸಿನೀರು, ಅಷ್ಟೇ.

ಅತ್ತೆಯ ಓಟು ನೀರೊಲೆಗೆ. ಅವರ ತವರು ಶಿಡ್ಲಘಟ್ಟದ ಕಡೆ, ರೇಷ್ಮೆ ಸಾಕುವ ಮನೆ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನೇ ಒಣಗಿಸಿ ಹಂಡೆ ಕೆಳಗೆ ಉರಿ ಹಾಕಿ ಬೆಳೆದವರು. ಸೌದೆಗೆ ದುಡ್ಡು ಕೊಡೋದು ಅಂದರೇನೆಂದೇ ಅವರಿಗೆ ಗೊತ್ತಿರಲಿಲ್ಲ. ಟೌನಿನ ಮೂವತ್ತು ನಲವತ್ತರ ಸೈಟಿನಲ್ಲಿ ಅಕ್ಕಪಕ್ಕದ ಮನೆಗೆ ಹೊಗೆ ಬಿಟ್ಟರೆ ದಿನಾ ಜಗಳ. ಆದರೂ ಹಿಂದಿನ ಪ್ಯಾಸೇಜಿನಲ್ಲಿ ಒಂದು ಒಲೆ ಕಟ್ಟಿಸಿದೆವು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಗ್ಯಾಸ್ ಗೀಸರ್ ಬೇಡವೆಂದಿದ್ದು ನಾನು. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿ ಅಂತ ಕಿಟಕಿ ಮುಚ್ಚುವ ಮಕ್ಕಳಿರುವ ಮನೆಗೆ ಅದು ಬೇಡ. ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪಿನ ರೇಟು ಕೇಳಿ ಸುಮ್ಮನಾದೆವು.

ಉಳಿದಿದ್ದು ಕರೆಂಟ್ ಗೀಸರ್. ಲೆಕ್ಕ ಹಾಕಿ ನೋಡಿ. ತಲೆಗೆ 25 ಲೀಟರ್ ಅಂದರೆ ಐದು ಜನಕ್ಕೆ 125 ಲೀಟರ್. 22 ಡಿಗ್ರಿ ಇರುವ ನೀರನ್ನು 42ಕ್ಕೆ ತರಲು ದಿನಕ್ಕೆ ಹತ್ತಿರ ಹತ್ತಿರ ಮೂರು ಯೂನಿಟ್, ತಿಂಗಳಿಗೆ 90. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ "ಇನ್ನು ಸೋಲಾರ್ ಯಾಕೆ?" ಅನ್ನುವವರು ಜಾಸ್ತಿಯಾದರು. ಆದರೆ 200 ಯೂನಿಟ್ ಎಲ್ಲರಿಗೂ ಸಿಗಲ್ಲ. ನಿಮ್ಮ ಹಳೇ ಬಳಕೆಯ ಸರಾಸರಿ ನೋಡಿ ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತಾರೆ, ಅಷ್ಟೇ. ಸೋಲಾರ್ ಇದ್ದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ಬಿಡುತ್ತಿದ್ದರು, ತಿಂಗಳಿಗೆ 50 ರೂಪಾಯಿ ದಾಟದ ಹಾಗೆ. ಅದನ್ನು ನಂಬಿ ಯಾರೂ ಸೋಲಾರ್ ಹಾಕಿಸಬೇಕಿಲ್ಲ.

ಸರಿ, ಸೋಲಾರ್ ಅಂತ ಆಯಿತು. ಮೂರು ಅಂಗಡಿ ಸುತ್ತಿದೆವು. ಎಷ್ಟು ಜನ, ಎಷ್ಟು ಬಜೆಟ್, ಎಷ್ಟನೇ ಮಹಡಿ ಅಂತ ಎಲ್ಲರೂ ಕೇಳಿದರು. ನೀರು ಎಂಥದ್ದು ಅಂತ ಒಬ್ಬರೂ ಕೇಳಲಿಲ್ಲ. ಈ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ್ದೇ ಅದು ಅಲ್ವಾ? ನಮ್ಮದು 1,100 ಅಡಿ ಬೋರಿನ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಸ್ಟೀಲ್ ಪಾತ್ರೆ ಒಣಗಿದರೆ ಬಿಳೀ ಕಲೆ. ಇಂಥ ಗಡಸು ನೀರಿನಲ್ಲಿ ಕರಗಿರುವ ಸುಣ್ಣದಂಶ ತಣ್ಣಗಿರುವಾಗ ಸುಮ್ಮನಿರುತ್ತದೆ. ಬಿಸಿ ತಗುಲಿದ ಕೂಡಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅಂದರೆ ಬಿಸಿನೀರಿನ ಯಂತ್ರಕ್ಕೇ ಅದು ಶತ್ರು.

ಗಾಜಿನ ಟ್ಯೂಬ್ ಆರಿಸಿದ್ದು ಇದೇ ಕಾರಣಕ್ಕೆ. ಮುಂಚೆ ಬಾಡಿಗೆಗಿದ್ದ ಮನೆಯಲ್ಲಿ ತಾಮ್ರದ ಹಲಗೆಯದಿತ್ತು, ಫ್ಲ್ಯಾಟ್ ಪ್ಲೇಟ್ ಅಂತಾರಲ್ಲ, ಅದು. ಒಳ್ಳೇ ಮಾಲು, ಗಟ್ಟಿಮುಟ್ಟು. ಆದರೆ ಒಳಗಿನ ಕೊಳವೆ ಬೆರಳು ಗಾತ್ರದ್ದು. ಎಂಟು ವರ್ಷಕ್ಕೆ ಸುಣ್ಣ ಕಟ್ಟಿ, ಏಪ್ರಿಲ್ ಬಿಸಿಲಲ್ಲೂ ಉಗುರುಬೆಚ್ಚಗಿನ ನೀರು ಬರುತ್ತಿತ್ತು. ಗಾಜಿನ ಟ್ಯೂಬ್ 58 ಮಿಲಿಮೀಟರ್ ದಪ್ಪ. ಅಡಿಯಲ್ಲಿ ಒಂದಿಷ್ಟು ಸುಣ್ಣ ಕೂತರೂ ನೀರು ಓಡಾಡಲು ಜಾಗ ಇರುತ್ತದೆ. ಬಿಚ್ಚಿ ತೊಳೆಯಬಹುದು. ಹೀಟ್ ಎಕ್ಸ್‌ಚೇಂಜರ್, ಅಂದರೆ ಬೇರೆ ದ್ರವದ ಬಿಸಿಯನ್ನು ನೀರಿಗೆ ದಾಟಿಸುವ ವ್ಯವಸ್ಥೆ ಇರುವ ಫ್ಲ್ಯಾಟ್ ಪ್ಲೇಟಿನಲ್ಲಿ ಬೋರಿನ ನೀರು ಆ ಸಣ್ಣ ಕೊಳವೆಗೆ ಹೋಗುವುದೇ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಅದೇ ವಾಸಿ. ನಮ್ಮ ಹತ್ತಿರ ಆಗ ಇರಲಿಲ್ಲ, ಟೈಲ್ಸಿಗೇ ಹೋಗಿತ್ತು.

ಮೊದಲ ಎರಡು ವರ್ಷ ಹೇಳುವಂಥದ್ದೇನೂ ಇಲ್ಲ. ಬೇಸಿಗೆಯಲ್ಲಿ ನೀರು ಕೈ ಸುಡುವಷ್ಟು ಬಿಸಿ. ಚಳಿಗಾಲದಲ್ಲಿ ಮಂಜು ಹತ್ತು ಗಂಟೆಗೆ ಕರಗಿದರೂ ತೊಂದರೆ ಇಲ್ಲ, ಯಾಕಂದರೆ ಬೆಳಗ್ಗೆ ನಾವು ಸ್ನಾನ ಮಾಡೋದು ನಿನ್ನೆಯ ಬಿಸಿಲಿನಲ್ಲಿ.

ಕೈ ಕೊಟ್ಟಿದ್ದು 2021ರ ನವೆಂಬರಿನಲ್ಲಿ. ಆ ಮಳೆ ನೆನಪಿದೆಯಲ್ಲ, ಕೆರೆಗಳು ಕೋಡಿ ಬಿದ್ದು, ಹೊಲದಲ್ಲಿ ರಾಗಿ ನೆಂದು ಹೋಗಿದ್ದು? ದಿನಗಟ್ಟಲೆ ಸೂರ್ಯನೇ ಇಲ್ಲ. ಟ್ಯಾಂಕಿನೊಳಗೇ ಒಂದು ಹೀಟರ್ ಕಾಯಿಲ್ ಇದೆ ಅಂತ ಅಂಗಡಿಯವರು ಹೇಳಿದ್ದರು. ಸ್ವಿಚ್ ಹಾಕಿದೆವು, ಬಿಲ್ ನೋಡಿ ಬೆಚ್ಚಿದೆವು. ಅದು ಒಂದು ಬಕೆಟ್ ನೀರು ಕಾಯಿಸಲ್ಲ, 200 ಲೀಟರನ್ನೂ ಕಾಯಿಸುತ್ತದೆ. 30 ಡಿಗ್ರಿ ಏರಿಸಲು ಏಳು ಯೂನಿಟ್, ಮೂರೂವರೆ ಗಂಟೆ. ಮುಂದಿನ ತಿಂಗಳೇ ಒಂದು ಬಚ್ಚಲುಮನೆಗೆ 15 ಲೀಟರಿನ ಗೀಸರ್ ಹಾಕಿಸಿದೆವು. ಒಂದು ಸಲ ಕಾಯಲು ಮುಕ್ಕಾಲು ಯೂನಿಟ್ಟೂ ಬೇಡ. ಕಾಯಿಲ್ ಬಿಚ್ಚಿಸಿ ಆ ತೂತಿಗೆ ಡಮ್ಮಿ ಮುಚ್ಚಳ ಹಾಕಿಸಿದ್ದೇವೆ.

ಈಗ ಕೋತಿ ವಿಷಯ. 2022ರ ಬೇಸಿಗೆ, ಬೆಳಗ್ಗೆ ಎದ್ದು ನೋಡಿದರೆ ಮಳೆನೀರಿನ ಪೈಪಿನಿಂದ ಧೋ ಅಂತ ನೀರು ಸುರಿಯುತ್ತಿದೆ. ಆಕಾಶದಲ್ಲಿ ಒಂದು ಮೋಡ ಇಲ್ಲ. ಮೇಲೆ ಹೋದರೆ ಒಂದು ಟ್ಯೂಬ್ ಒಡೆದಿದೆ, ಗೋಡೆ ಮೇಲೆ ಎರಡು ಕೋತಿ ಕೂತು ನನ್ನನ್ನೇ ನೋಡುತ್ತಿವೆ. ಈ ಮಾದರಿಯಲ್ಲಿ ನೀರು ಗಾಜಿನೊಳಗೇ ಇರುತ್ತದೆ. ಒಂದು ಟ್ಯೂಬ್ ಒಡೆದರೆ ಸೋಲಾರ್ ಟ್ಯಾಂಕ್ ಬರಿದಾಗುತ್ತದೆ. ಅದಕ್ಕೆ ನೀರು ಕೊಡುವ ಮೇಲಿನ ಟ್ಯಾಂಕೂ ಅದರ ಹಿಂದೆಯೇ. ಹಿಂದಿನ ದಿನ ಟ್ಯಾಂಕರಿನಿಂದ ತುಂಬಿಸಿದ್ದ ಸಾವಿರ ಲೀಟರ್ ಮೋರಿ ಪಾಲಾಯಿತು. ಅತ್ತೆ ಏನೂ ಹೇಳಲಿಲ್ಲ, ಒಲೆ ಕಡೆ ಒಂದು ಸಲ ನೋಡಿದರು.

ಕಂಪನಿಗೆ ಫೋನ್ ಮಾಡಿದರೆ ಹನ್ನೊಂದು ದಿನಕ್ಕೆ ಜನ ಬಂದರು. "ಕೋತಿ ವಾರಂಟಿಯಲ್ಲಿ ಬರಲ್ಲ ಮೇಡಂ" ಅಂದರು. ಸರಿ, ಅದನ್ನು ಒಪ್ಪಿದೆ. ಆದರೆ ಮಟಮಟ ಮಧ್ಯಾಹ್ನ ಟ್ಯೂಬ್ ಹಾಕಿ, ಆಗಲೇ ನೀರು ಬಿಟ್ಟರು. ಖಾಲಿ ಟ್ಯೂಬ್ ಬಿಸಿಲಲ್ಲಿ ಕಾದ ಹೆಂಚಿನ ಹಾಗಿರುತ್ತದೆ. ತಣ್ಣೀರು ಬಿದ್ದ ತಕ್ಷಣ ಇನ್ನೊಂದು ಟಪ್ ಅಂತು. ಅದಕ್ಕೂ ನಮ್ಮಿಂದಲೇ ದುಡ್ಡು ತಗೊಂಡರು, ಅದನ್ನು ಮಾತ್ರ ಇವತ್ತಿಗೂ ಒಪ್ಪಲ್ಲ. ನೀವು ನೀರು ತುಂಬಿಸುವುದಾದರೆ ಬೆಳಗಿನ ಜಾವ ಅಥವಾ ಸಂಜೆ. ಮೇಲಿನ ಟ್ಯಾಂಕಿನಿಂದ ಸೋಲಾರಿಗೆ ಇಳಿಯುವ ಪೈಪಿಗೆ ನೀರು ನಿಲ್ಲಿಸುವ ಗೇಟ್ ವಾಲ್ವ್ ಇದೆಯಾ ಅಂತ ಮೊದಲ ದಿನವೇ ನೋಡಿ. ನಮ್ಮದರಲ್ಲಿ ಇರಲಿಲ್ಲ. ಈಗ ಇದೆ, ಮೇಲೆ ಕಬ್ಬಿಣದ ಜಾಲರಿಯೂ ಇದೆ.

ಇನ್ನೊಂದು ವಿಷಯ ಯಾರೂ ಹೇಳಿಕೊಡಲಿಲ್ಲ. ನಮ್ಮ ಟ್ಯಾಂಕ್ ಒಳಗೆ ಗಾಜಿನ ಲೇಪ ಇರುವ ಕಬ್ಬಿಣದ್ದು. ಅದು ತುಕ್ಕು ಹಿಡಿಯದಿರಲಿ ಅಂತ ಒಳಗೆ ಮೆಗ್ನೀಷಿಯಂ ರಾಡ್ ಇಟ್ಟಿರುತ್ತಾರೆ. ಟ್ಯಾಂಕಿನ ಬದಲು ಆ ರಾಡ್ ಸವೆಯುತ್ತದೆ. ನಾಲ್ಕನೇ ವರ್ಷ ಪ್ಲಂಬರ್ ಬಿಚ್ಚಿ ತೋರಿಸಿದ. ಹೆಬ್ಬೆರಳು ದಪ್ಪ ಇದ್ದಿದ್ದು ಊದುಬತ್ತಿಯಷ್ಟಾಗಿತ್ತು, ಅಲ್ಲಲ್ಲಿ ಬರೀ ತಂತಿ. ಗಡಸು ನೀರಿನ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ. ಅವತ್ತೇ ಟ್ಯೂಬುಗಳನ್ನೂ ತೊಳೆಸಿದೆವು. ಒಂದೊಂದರ ಅಡಿಯಲ್ಲೂ ಗೇಣುದ್ದ ಬಿಳೀ ಗಸಿ, ಮುಟ್ಟಿದರೆ ಒದ್ದೆ ಸುಣ್ಣದ ಹಾಗೆ. ಟ್ಯೂಬಿನ ತುದಿಯಲ್ಲಿ ಕನ್ನಡಿ ಥರ ಬೆಳ್ಳಿ ಬಣ್ಣ ಇರುತ್ತದೆ, ನೋಡಿ. ಅದು ಹಾಲಿನಂತೆ ಬಿಳುಪಾಗಿದ್ದರೆ ಆ ಟ್ಯೂಬಿನ ಎರಡು ಗಾಜಿನ ಪದರದ ನಡುವೆ ಬಿಸಿ ಹಿಡಿದಿಡುವ ನಿರ್ವಾತ ಹೋಗಿದೆ, ಹೊರಗಿಂದ ಒಡೆಯದಿದ್ದರೂ ಕೆಲಸಕ್ಕೆ ಬಾರದು. ನಮ್ಮದರಲ್ಲಿ ಎರಡು ಹಾಗಾಗಿದ್ದವು.

ತಮ್ಮನಿಗೆ ಮುಖ್ಯವಾಗಿ ಹೇಳಬೇಕಾಗಿದ್ದು ಪೈಪಿನ ವಿಷಯ, ಯಾಕಂದರೆ ಗೋಡೆ ಪ್ಲಾಸ್ಟರ್ ಆದ ಮೇಲೆ ಏನೂ ಮಾಡಕ್ಕಾಗಲ್ಲ. ನಮ್ಮ ಕೆಳಗಿನ ಬಚ್ಚಲುಮನೆ ಸೋಲಾರಿನಿಂದ 18 ಮೀಟರ್ ದೂರ. ಪೈಪಿನಲ್ಲಿ ನಿಂತ ನಾಲ್ಕೈದು ಲೀಟರ್ ತಣ್ಣೀರು ಹೋಗಿ, ಪೈಪೂ ಕಾದು, ಬಿಸಿನೀರು ಬರುವಷ್ಟರಲ್ಲಿ ಅರ್ಧ ಬಕೆಟ್ ತುಂಬಿರುತ್ತದೆ. ದಿನಾ ನಾಲ್ಕು ಸಲ ಅಂದರೆ ಎರಡು ಬಕೆಟ್, ಅದೂ ದುಡ್ಡು ಕೊಟ್ಟು ತಂದ ನೀರು. ಅದನ್ನು ಹಿಡಿದಿಡಲೆಂದೇ ಒಂದು ಹಸಿರು ಬಕೆಟ್ ಇದೆ. ಬಟ್ಟೆಗೆ, ನೆಲ ಒರೆಸಲು, ತುಳಸಿಗೆ ಅದೇ. ಬಚ್ಚಲುಮನೆಗಳು ಒಂದರ ಮೇಲೊಂದು ಬರುವ ಹಾಗೆ, ಸೋಲಾರ್ ಅವುಗಳ ನೆತ್ತಿಯ ಮೇಲೇ ಇರುವ ಹಾಗೆ ಪ್ಲಾನ್ ಮಾಡಿಸು. ಬಿಸಿನೀರಿಗೆ ಬಿಸಿ ತಡೆಯುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪೇ ಹಾಕಿಸು, ಬಿಸಿಲಿಗೆ ಬೀಳುವ ಭಾಗಕ್ಕೆ ಹೊದಿಕೆ ಸುತ್ತಿಸು. ಮೇಲಿನ ಟ್ಯಾಂಕ್ ಖಾಲಿಯಾದರೆ ಸೋಲಾರ್ ತುಂಬ ಬಿಸಿನೀರಿದ್ದರೂ ನಲ್ಲಿಯಲ್ಲಿ ಬರಲ್ಲ, ತಣ್ಣೀರು ಕೆಳಗಿಂದ ತಳ್ಳಿದರೇ ಅದು ಹೊರಗೆ ಬರೋದು. ಇದು ನಮಗೆ ಗೊತ್ತಾಗಿದ್ದು ಮಗಳ ತಲೆ ತುಂಬ ಸೀಗೆಪುಡಿ ಇದ್ದಾಗ.

ಮತ್ತೆ ಇದನ್ನೇ ಕೊಳ್ಳುತ್ತೀರಾ ಅಂದರೆ, ಹೌದು, ಜಾಲರಿ ಮತ್ತು ವಾಲ್ವಿನ ಸಮೇತ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದಿರುವ ಒಂದೂವರೆಯಲ್ಲಿ ಒಂದು ಸರ್ವಿಸ್ಸಿಗೆ.

ಒಲೆ ಈಗಲೂ ಇದೆ. ವರ್ಷಕ್ಕೊಮ್ಮೆ, ನೀರು ತುಂಬುವ ಹಬ್ಬದ ಸಂಜೆ, ಅತ್ತೆ ಹುಣಸೆಹಣ್ಣು ಹಾಕಿ ಹಂಡೆ ಬೆಳಗುತ್ತಾರೆ, ಕೊರಳಿಗೆ ಹಾಗಲಬಳ್ಳಿ ಸುತ್ತುತ್ತಾರೆ. ತವರಿನಿಂದ ಒಂದು ಹೊರೆ ಹಿಪ್ಪುನೇರಳೆ ಕಡ್ಡಿ ಬಂದಿರುತ್ತದೆ. ಮಾರನೇ ದಿನ ಎಣ್ಣೆಸ್ನಾನಕ್ಕೆ ಆ ನೀರೇ ಆಗಬೇಕು. ಸೋಲಾರ್ ನೀರು ಮೈಗೆ ಹತ್ತಲ್ಲ ಅನ್ನುವುದು ಅವರ ವಾದ. ಆವತ್ತು ಒಂದು ದಿನ ನಾನೂ ವಾದ ಮಾಡಲ್ಲ.

ಈ ತಿಂಗಳು ಮತ್ತೆ ರಾಡ್ ನೋಡಿಸಬೇಕು. ಪ್ಲಂಬರ್ ಮಂಗಳವಾರ ಬರ್ತೀನಿ ಅಂದಿದ್ದಾನೆ. ಯಾವ ಮಂಗಳವಾರ ಅಂತ ಹೇಳಿಲ್ಲ.