ಎಡಗಣ್ಣಿನ ಟೇಪು: ಏರ್ ರೈಫಲ್ ರೇಂಜಿನಲ್ಲಿ ನನ್ನ ಎರಡು ತಿಂಗಳು

ಹೋದ ವರ್ಷ ಕೈಲ್ ಪೊಳ್ದಿಗೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಕೊಡಗಿನ ಊರಿಗೆ ಹೋದವನು ತೆಂಗೆ ಬೊಡಿಯಲ್ಲಿ (ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಡುವ ಸ್ಪರ್ಧೆ) ಮೂರಕ್ಕೆ ಮೂರೂ ಈಡು ತಪ್ಪಿಸಿದೆ. ಮೂರನೆಯದಕ್ಕೆ ಪಕ್ಕದ ಕೊಂಬೆಯ ಎಲೆ ಉದುರಿತು. ಏಳನೇ ಕ್ಲಾಸಿನ ಅಕ್ಕನ ಮಗ ಮೆಲ್ಲಗೆ, "ಮಾವ, ಕಾಯಿ ಬಲಗಡೆ ಇತ್ತು" ಅಂದ. ಆ ರಾತ್ರಿ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿಸಾರು) ಯಾವುದೂ ರುಚಿಸಲಿಲ್ಲ.

ಅದಕ್ಕೇ ಈ ಜುಲೈಯಲ್ಲಿ ಬೆಂಗಳೂರಿನ ಒಂದು ಏರ್ ರೈಫಲ್ ರೇಂಜಿಗೆ ಸೇರಿದೆ. ಬೈಯುವುದೂ ಇದೆ, ಹಾಗಾಗಿ ಹೆಸರು ಬೇಡ. ಹತ್ತು ಮೀಟರಿನ ಆರು ಲೇನು, ಗಂಟೆಗೆ 500 ರೂಪಾಯಿ, ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ದುಡ್ಡು ಬೇರೆ. ಕೋಚ್ ಇಪ್ಪತ್ತೈದರ ಹುಡುಗಿ. ಮೊದಲ ದಿನವೇ "ಅಂಕಲ್, ಕಾಂಪಿಟಿಷನ್ನಾ?" ಅಂತ ಕೇಳಿದಳು. ತೆಂಗಿನಕಾಯಿ ಹೊಡೆಯೋಕೆ ಅಂದೆ. ನಗಲಿಲ್ಲ, ಅದಕ್ಕೇ ಅರ್ಧ ಸ್ಟಾರ್ ಜಾಸ್ತಿ.

ಅವಳು ಮೊದಲು ನೋಡಿದ್ದು ಕೈಯನ್ನಲ್ಲ, ಕಣ್ಣನ್ನು. ಎರಡೂ ಅಂಗೈ ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆ ಗಡಿಯಾರ ನೋಡಲು ಹೇಳಿದಳು. ಎಡಗಣ್ಣು ಮುಚ್ಚಿದರೆ ಗಡಿಯಾರವೇ ಮಾಯ! ಬಲಗೈಯವನಾದರೂ ನನ್ನ ಯಜಮಾನ ಕಣ್ಣು, ಅಂದರೆ ಗುರಿ ಹಿಡಿಯುವಾಗ ಮುಂದಾಗುವ ಕಣ್ಣು, ಎಡಗಡೆಯದಂತೆ. ಬಲಹೆಗಲಿಗೆ ಕೋವಿ ಇಟ್ಟು ಎರಡೂ ಕಣ್ಣು ಬಿಟ್ಟು ಗುರಿ ಹಿಡಿದರೆ ನಳಿಗೆ ಎಡಕ್ಕೇ ತಿರುಗುತ್ತದೆ. ಎರಡೂ ಕಣ್ಣು ತೆರೆದೇ ಹೊಡಿ, ಹಂದಿ ಯಾವ ಕಡೆಯಿಂದ ನುಗ್ಗುತ್ತೋ ಗೊತ್ತಾಗಲ್ಲ ಅಂತ ಕಲಿಸಿದ್ದು ಅಜ್ಜ. ಅವರ ಕಾಲಕ್ಕೆ ನಾಟಿ ಮುಗಿದು ಕೈಲ್ ಪೊಳ್ದ್ ಆದರೆ ಬೇಟೆ ಶುರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಉಳಿದದ್ದು ಕಾಯಿ ಮಾತ್ರ. (ಹಂದಿಗಳಿಗೆ ಆ ಸುದ್ದಿ ಚೆನ್ನಾಗಿ ಮುಟ್ಟಿದೆ, ನಮ್ಮ ಗದ್ದೆ ನೋಡಿದರೆ ತಿಳಿಯುತ್ತದೆ.) ಕೋಚ್ ನನ್ನ ಕನ್ನಡಕದ ಎಡಗಾಜಿಗೆ ಬೆರಳುಗುರಿನಷ್ಟು ಟೇಪು ಅಂಟಿಸಿದಳು. ಇಪ್ಪತ್ತು ವರ್ಷದ ರೋಗ, ಒಂದು ಚೂರು ಟೇಪು.

ಕಣ್ಣಾದ ಮೇಲೆ ಮೈ ಹದ ಮಾಡುವ ಸರದಿ. ಮೊದಲ ವಾರ ಪೆಲೆಟ್ಟೇ ಇಲ್ಲ. ಖಾಲಿ ರೈಫಲ್ ಎತ್ತಿ ಒಂದು ನಿಮಿಷ ಹಿಡಿಯಬೇಕು. ಅರ್ಧ ನಿಮಿಷಕ್ಕೇ ಮೊಣಕೈ ನಡುಗಿ, ನಳಿಗೆಯ ತುದಿ ಗಾಳಿಯಲ್ಲಿ ಸೊನ್ನೆ ಬರೆಯತೊಡಗಿತು. ಮನೆಯಲ್ಲಿ ಪ್ಲ್ಯಾಂಕು, ಆಫೀಸಿನಲ್ಲಿ ಆರನೇ ಮಹಡಿಗೆ ಮೆಟ್ಟಿಲು. ಉಸಿರು ಅರ್ಧ ಬಿಟ್ಟು ತಡೆದು, ಟ್ರಿಗರ್ ಎಳೆಯದೆ ಒತ್ತುವುದು, ಗುಂಡು ಹೋದ ಮೇಲೂ ಎರಡು ಎಣಿಸುವಷ್ಟು ಹಾಗೇ ನಿಲ್ಲುವುದು. ಈ ಕೊನೆಯದು ನನಗೆ ಇನ್ನೂ ಬಂದಿಲ್ಲ. ತಾಗಿತೋ ಇಲ್ಲವೋ ಅಂತ ಕತ್ತು ಮೊದಲೇ ಏಳುತ್ತದೆ. ಟಾರ್ಗೆಟ್ಟಿನ ನಡುವಿನ, ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರು, ಪೆಲೆಟ್ಟೇ 4.5 ಮಿಲಿಮೀಟರು. ಇದನ್ನು ನೋಡಿ ನೋಡಿ, ತೆಂಗಿನಕಾಯಿ ಅಂದರೆ ಕುಂಬಳಕಾಯಿ ಅನ್ನಿಸತೊಡಗಿತು.

ಇನ್ನು ಬೈಗುಳ. ಬಾಡಿಗೆ ಜಾಕೆಟ್ಟಿನ ಬೆವರು ವಾಸನೆಗೆ ಉಸಿರು ತಡೆಯುವುದು ತಾನಾಗಿ ಬರುತ್ತದೆ. ಆ್ಯಪ್‌ನಲ್ಲಿ ಒಂದೇ ಲೇನನ್ನು ನನಗೂ ಇನ್ನೊಬ್ಬರಿಗೂ ಕೊಟ್ಟು ಎರಡು ಸಲ ವಾಪಸ್ ಕಳಿಸಿದರು. ಶನಿವಾರ ಸಂಜೆ ಹುಟ್ಟುಹಬ್ಬದ ಪಾರ್ಟಿ, ಸೆಲ್ಫಿ, ಕಿರುಚಾಟ. ಕಲಿಯುವವರು ಬೆಳಗ್ಗೆ ಆರೂವರೆಗೆ ಹೋಗಿ. ನಮ್ಮಂಥವರಿಗೆ ದೊಡ್ಡ ಕೊರತೆ ಬೇರೆಯೇ ಇದೆ: ಏರ್ ರೈಫಲ್ ಒದೆಯುವುದೇ ಇಲ್ಲ. ಊರಿನ ಹನ್ನೆರಡು ಬೋರಿನ ಒಂಟಿನಳಿಗೆ ಕೋವಿ ಹೆಗಲಿಗೆ ಗುದ್ದುವಾಗ ಕಣ್ಣು ಮುಚ್ಚಿಹೋಗುವ ಚಾಳಿ ಇಲ್ಲಿ ಎಷ್ಟು ದುಡ್ಡು ಸುರಿದರೂ ಬಿಡುವುದಿಲ್ಲ.

ಈ ಸೆಪ್ಟೆಂಬರಿನ ಹಬ್ಬಕ್ಕೆ ಐನ್‌ಮನೆಯಲ್ಲಿ (ನಮ್ಮ ಕುಲದ ಹಿರಿಮನೆ) ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮುಗಿಸಿ ಮೈದಾನಕ್ಕೆ ಹೋದೆವು. ಟೇಪು ಅಂಟಿಸಿದ ಕನ್ನಡಕ ನೋಡಿ ಚಿಕ್ಕಪ್ಪ, "ಕಣ್ಣಿಗೇನಾಯ್ತೋ?" ಅಂತ ಗಾಬರಿಯಾದರು. ಮೊದಲ ಈಡು ಕಣ್ಣು ಮುಚ್ಚಿ ಹಾಳಾಯಿತು. ಎರಡನೆಯದಕ್ಕೆ ಕಾಯಿ ಒಡೆದು ನೀರು ಚಿಮ್ಮಿತು. ಅಕ್ಕನ ಮಗ ಓಡಿಹೋಗಿ ಒಂದು ಚಿಪ್ಪು ತಂದ.

ಐದಕ್ಕೆ ಮೂರೂವರೆ ಸ್ಟಾರ್. ನವೆಂಬರಿಗೆ ಮತ್ತೆ ದುಡ್ಡು ಕಟ್ಟಿದ್ದೀನಿ, ಜಾಕೆಟ್ ಮಾತ್ರ ನನ್ನದೇ.