ಜಕ್ಕೂರು ಕೆರೆ: ಹಕ್ಕಿ ನೋಡುವವರು ಸುತ್ತು ಹಾಕಬೇಡಿ

ಬೆಂಗಳೂರಿನ ಜಕ್ಕೂರು ಕೆರೆಗೆ ಬರುವವರಲ್ಲಿ ಮುಕ್ಕಾಲುವಾಸಿ ಜನ ಕೈಬೀಸಿಕೊಂಡು ಒಂದು ಸುತ್ತು ಮುಗಿಸಿ, ಮೊಬೈಲಿನಲ್ಲಿ ಎಷ್ಟು ಹೆಜ್ಜೆಯಾಯಿತು ನೋಡಿಕೊಂಡು ಮನೆ ಕಡೆ ಹೊರಡುತ್ತಾರೆ. ವಾಕಿಂಗಿಗೆ ಜಾಗ ಚೆನ್ನಾಗಿದೆ, ಎರಡು ಮಾತಿಲ್ಲ. ಸುಮಾರು 160 ಎಕರೆಯ ಕೆರೆ, ಸುತ್ತಲೂ ದಾರಿ, ಮಣ್ಣಿರುವ ಕಡೆ ನನ್ನ ಮೊಣಕಾಲೂ ಗೊಣಗುವುದಿಲ್ಲ. ಹಕ್ಕಿ ನೋಡಬೇಕೆಂದು ಬಂದಿದ್ದರೆ ಮಾತ್ರ ಸುತ್ತಿನ ಗೋಜಿಗೆ ಹೋಗದೆ ನೇರ ಉತ್ತರದ ತುದಿಗೆ ಹೋಗಿ ನಿಂತುಬಿಡಿ.

ಅಲ್ಲಿರುವುದು ಕೊಳಚೆ ನೀರು ಶುದ್ಧೀಕರಣ ಘಟಕ. ಮುಖ ಸಿಂಡರಿಸಬೇಡಿ! ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದ ಘಟಕ ಅದು. ಅಲ್ಲಿಂದ ಬಿಟ್ಟ ನೀರು ಸೀದಾ ಕೆರೆಗೆ ಬೀಳದೆ, ಮೊದಲು ಜೊಂಡು, ಅಂತರಗಂಗೆ ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದುಬರುತ್ತದೆ. ಗಸಿ ತಳಕ್ಕಿಳಿಯುತ್ತದೆ, ಉಳಿದ ಸಾರಜನಕ, ರಂಜಕವನ್ನು ಗಿಡಗಳು ಒಂದಷ್ಟು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲೂ ಕೆರೆಗೆ ನೀರಿನ ಬರವಿಲ್ಲದಿರಲು ಘಟಕದ ಈ ನೀರೇ ಕಾರಣ. ಕೆಲವು ದಿನ ವಾಸನೆ ಹೊಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ನನ್ನ ಮೂಗಿಗೆ ಅಭ್ಯಾಸವಾಗಿದೆ. ನಮ್ಮ ಯಜಮಾನರ ಮೂಗಿಗೆ ಆಗಿಲ್ಲ, ಅವರು ದೂರದ ಬೆಂಚಿನಲ್ಲಿ ಪೇಪರ್ ಓದುತ್ತಾರೆ.

ಈ ಜೊಂಡಿನ ಅಂಚಿನಲ್ಲೇ ನೇರಳೆ ಜಂಬುಕೋಳಿಗಳ ಸಂಸಾರ. ಒಂದನ್ನೇ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಕೆಂಪು ಕೊಕ್ಕಿನಿಂದ ಎಳೆ ಜೊಂಡನ್ನು ಬುಡಸಮೇತ ಎಳೆದು, ಉದ್ದ ಬೆರಳುಗಳ ಒಂದು ಕಾಲಲ್ಲಿ ಅದನ್ನು ಹಿಡಿದೆತ್ತಿ, ಮಕ್ಕಳು ಕಬ್ಬು ತಿಂದ ಹಾಗೆ ಮೇಲಿನ ಸಿಪ್ಪೆ ಸೀಳಿ ಒಳಗಿನ ಬಿಳಿ ತಿರುಳು ತಿನ್ನುತ್ತದೆ. ಬಾಲ ಎಗರಿಸಿದಾಗಲೆಲ್ಲ ಕೆಳಗಿನ ಬಿಳುಪು ಫಳಕ್ಕೆನ್ನುತ್ತದೆ. ಇದಕ್ಕೆ ಬೈನಾಕ್ಯುಲರೂ ಬೇಕಿಲ್ಲ. ದೂರದ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳಿಗೆ ಬೇಕು. 8 ಪಟ್ಟು ದೊಡ್ಡದಾಗಿ ತೋರಿಸುವುದು ಧಾರಾಳವಾಯಿತು, 10 ಪಟ್ಟಿನದು ನನ್ನಂಥವರ ಕೈಯಲ್ಲಿ ನಡುಗುತ್ತದೆ.

ಬೆಳಿಗ್ಗೆ ಆ ಉತ್ತರದ ತುದಿಗೆ ಹೋಗುವವರು ಪೂರ್ವದ ದಡ ಹಿಡಿಯಿರಿ. ಬಿಸಿಲು ಬೆನ್ನಿಗಿರುತ್ತದೆ, ಹಕ್ಕಿಯ ಬಣ್ಣ ಕಾಣುತ್ತದೆ. ಪಡುವಣ ದಡದಲ್ಲಿ ನಿಂತರೆ ನೀರುಕಾಗೆಯೂ ಕಪ್ಪು, ಬಾತುವೂ ಕಪ್ಪು.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏರೋಡ್ರೋಮ್ ಪಕ್ಕದಲ್ಲೇ ಇರುವುದರಿಂದ ಒಮ್ಮೊಮ್ಮೆ ಪುಟ್ಟ ವಿಮಾನ ಗುರ್ರೆಂದು ತಲೆ ಮೇಲೆ ಹೋಗುತ್ತದೆ. ಹಣೆಗೆ ಬಿಳಿ ನಾಮವಿಟ್ಟ ಕಪ್ಪು ನೀರುಹಕ್ಕಿ ನಾಮದ ಕೋಳಿಗಳು ಕ್ಯಾರೇ ಅನ್ನುವುದಿಲ್ಲ. ಅದೇ ಜೌಗು ಸೆಳೆವ ಎಂಬ ಬೇಟೆಹಕ್ಕಿ ಸದ್ದಿಲ್ಲದೆ ಜೊಂಡಿನ ಮೇಲೆ ತೇಲಿಬರಲಿ, ಚೆದುರಿದ್ದವೆಲ್ಲ ನೀರು ಚಿಮ್ಮಿಸಿಕೊಂಡು ಓಡಿಬಂದು ಒತ್ತೊತ್ತಾಗಿ ಗುಂಪುಗೂಡುತ್ತವೆ. ಹಿಂದೆ ಬಿದ್ದದ್ದರ ಮೇಲೆ ಸೆಳೆವದ ಕಣ್ಣು.

ತೆಪ್ಪದಲ್ಲಿ ಬಲೆ ಎಳೆಯುವವರು ದಡಕ್ಕೆ ಬಂದಾಗ ಮಾತಾಡಿಸಿ. "ಇವತ್ತು ಹೆಜ್ಜಾರ್ಲೆ ಎಲ್ಲಣ್ಣ?" ಎಂದೆ. "ಮೀನಿರೋ ಕಡೆ ಅಮ್ಮಾ, ನಮಗಿಂತ ಮುಂಚೆ ಅವಕ್ಕೇ ಗೊತ್ತು" ಎಂದು ಕೈ ತೋರಿಸಿದರು. ಮೊಬೈಲಿನ ಹಕ್ಕಿ ಆ್ಯಪು ಕೊಡದ ಉತ್ತರ.

ತಕರಾರು ಒಂದೇ, ಅದೂ ಜನರ ಮೇಲೆ. ಜೇಬಿನಲ್ಲಿ ಸ್ಪೀಕರ್ ಇಟ್ಟುಕೊಂಡು ಸುಪ್ರಭಾತದಿಂದ ಹಿಡಿದು ಷೇರು ಮಾರುಕಟ್ಟೆ ಭಾಷಣದವರೆಗೆ ಊರಿಗೆಲ್ಲ ಕೇಳಿಸುವವರಿದ್ದಾರೆ. ಹೆಡ್‌ಫೋನ್ ಹಾಕಿಕೊಳ್ಳಬಾರದೇನಪ್ಪ? ಭಾನುವಾರ ಇವರ ಹಾವಳಿ ಜಾಸ್ತಿ, ಹಾಗಾಗಿ ಐದಕ್ಕೆ ನಾಲ್ಕು ಕೊಡುತ್ತೇನೆ. ವಾರದ ದಿನ ಆರೂವರೆಗೆಲ್ಲ ಹೋಗುವುದಾದರೆ ಐದಕ್ಕೆ ಐದು. ನೆರಳು ಕಡಿಮೆ, ಟೋಪಿ ಮತ್ತು ನೀರಿನ ಬಾಟಲಿ ಮರೆಯಬೇಡಿ.